ಕಲ್ಪಿತ ವಂಶಾವಳಿಯೂ ನಿಜವಾದ ಓದುಗನೂ

ಇಲ್ಲದ ನಾಡೊಂದರಲ್ಲಿ, ಎಂದೂ ಆಳದ ಅರಸುಮನೆತನವೊಂದರಲ್ಲಿ, ಎಂದೂ ಹುಟ್ಟದ ಹುಡುಗನೊಬ್ಬನ ತಾಯಿ ಯಾರು ಎಂಬ ಪ್ರಶ್ನೆಯನ್ನು ಹಿಡಿದು ಜಗತ್ತಿನ ನಾನಾ ಕಡೆಯ ಓದುಗರು ಸುಮಾರು ಇಪ್ಪತ್ತು ವರ್ಷಗಳ ಕಾಲ ವಾದ ಮಾಡಿದರು. ಹೀಗೆಂದಾಗ, ಇದು ಕೆಲಸವಿಲ್ಲದವರ ಕಾಲಯಾಪನೆಯೆಂದು ಕೇಳಿದವರಿಗೆ ತೋರಬಹುದು. ಆದರೆ ಸಾಹಿತ್ಯವನ್ನು ಓದುವುದೆಂದರೇನು, ಓದುಗನಿಗೆ ಕೃತಿಯ ಮೇಲಿರುವ ಹಕ್ಕು ಎಷ್ಟು, ಮನುಷ್ಯನ ಬೆಲೆ ಹುಟ್ಟಿನಿಂದ ಬರುತ್ತದೆಯೋ ನಡತೆಯಿಂದ ಬರುತ್ತದೆಯೋ ಎಂಬ ಹಳೆಯ ಪ್ರಶ್ನೆಗಳೆಲ್ಲ ಈ ವಾದದೊಳಗೆ ಅಡಗಿವೆ. ಆದುದರಿಂದ ಇದನ್ನು ನಕ್ಕು ತಳ್ಳಿಹಾಕದೆ ಸ್ವಲ್ಪ ವಿಚಾರಿಸಿ ನೋಡುವುದು ಉಚಿತ.

ಅಮೆರಿಕದ ಲೇಖಕ ಜಾರ್ಜ್ ಆರ್. ಆರ್. ಮಾರ್ಟಿನ್ ಬರೆದ 'ಎ ಸಾಂಗ್ ಆಫ್ ಐಸ್ ಅಂಡ್ ಫೈರ್' ಎಂಬ ಕಾದಂಬರಿಮಾಲೆಯ ಮೊದಲ ಸಂಪುಟ 'ಎ ಗೇಮ್ ಆಫ್ ಥ್ರೋನ್ಸ್' 1996ರಲ್ಲಿ ಪ್ರಕಟವಾಯಿತು. ಐದನೆಯ ಸಂಪುಟ 2011ರಲ್ಲಿ ಬಂದಿತು. ಆರನೆಯದಕ್ಕಾಗಿ ಓದುಗರು ಹತ್ತು ವರ್ಷಗಳಿಗೂ ಮಿಕ್ಕಿ ಕಾದರು. ಅದ್ಭುತ ಕಥೆಯ ಜಾತಿಗೆ ಸೇರಿದ ಈ ಕೃತಿಯಲ್ಲಿ ಬೆಂಕಿಯುಗುಳುವ ಡ್ರ್ಯಾಗನ್‌ಗಳಿವೆ, ಸತ್ತವರು ಎದ್ದು ನಡೆಯುವ ಹಿಮದ ಸೀಮೆಯಿದೆ. ಆದರೂ ಇದರ ಬೆನ್ನೆಲುಬು ಮಾಯಾಮಂತ್ರವಲ್ಲ. ವೆಸ್ಟರೋಸ್ ಎಂಬ ಕಲ್ಪಿತ ಭೂಖಂಡದ ಸಾಮಂತ ಮನೆತನಗಳ ಚರಿತ್ರೆ. ಪ್ರತಿ ಸಂಪುಟದ ಕೊನೆಗೂ ಲೇಖಕನು ಮನೆತನಗಳ ಪಟ್ಟಿಯನ್ನು ಲಗತ್ತಿಸಿದ್ದಾನೆ. ಕಥೆಯನ್ನು ಓದಿ ಮುಗಿಸಿದವನು ಆ ಪಟ್ಟಿಯ ಬಳಿ ನಿಲ್ಲುತ್ತಾನೆ. ಅಲ್ಲಿಂದ ಮತ್ತೆ ಕಥೆಗೆ ಹಿಂದಿರುಗುತ್ತಾನೆ. ಊಹೆಯ ಬೀಜ ಬೀಳುವುದು ಈ ಹಿಂದಿರುಗುವಿಕೆಯಲ್ಲಿ.

ಕಥಾಸಂದರ್ಭವನ್ನು ಸಂಕ್ಷೇಪವಾಗಿ ಹೇಳಬೇಕು. ಉತ್ತರ ದೇಶದ ಒಡೆಯನಾದ ಎಡ್ಡಾರ್ಡ್ ಸ್ಟಾರ್ಕ್ ಸತ್ಯಸಂಧನೆಂದು ಹೆಸರಾದವನು. ಅವನ ತಂಗಿ ಲಿಯಾನಾಳನ್ನು ರಾಜಕುಮಾರ ರೇಗಾರ್ ಟಾರ್ಗೇರಿಯನ್ ಅಪಹರಿಸಿದನೆಂಬ ಸುದ್ದಿ ಹಬ್ಬುತ್ತದೆ. ನ್ಯಾಯ ಕೇಳಹೋದ ಅವಳ ಅಣ್ಣನನ್ನೂ ತಂದೆಯನ್ನೂ ಹುಚ್ಚು ದೊರೆ ಏರಿಸ್ ಕೊಲ್ಲಿಸುತ್ತಾನೆ. ಲಿಯಾನಾಳಿಗೆ ನಿಶ್ಚಿತನಾಗಿದ್ದ ವರ ರಾಬರ್ಟ್ ಬರಾಥಿಯನ್ ದಂಗೆಯೆದ್ದು, ರೇಗಾರನನ್ನು ಯುದ್ಧದಲ್ಲಿ ಕೊಂದು ತಾನೇ ಅರಸನಾಗುತ್ತಾನೆ. ಯುದ್ಧ ಮುಗಿಸಿ ಮನೆಗೆ ಮರಳಿದ ಎಡ್ಡಾರ್ಡ್ ತಂಗಿಯ ಅಸ್ಥಿಯನ್ನೂ, ತನ್ನ ಅನೌರಸ ಪುತ್ರನೆಂದು ಹೇಳಿ ಒಂದು ಹಸುಗೂಸನ್ನೂ ತರುತ್ತಾನೆ. ಆ ಮಗುವೇ ಜಾನ್ ಸ್ನೋ. ಆ ನಾಡಿನ ಪದ್ಧತಿಯಂತೆ ಒಡೆಯರ ಅನೌರಸ ಮಕ್ಕಳಿಗೆ ತಂದೆಯ ಮನೆತನದ ಹೆಸರಿಲ್ಲ, ಸೀಮೆಯ ಹೆಸರಿದೆ. ಉತ್ತರದಲ್ಲಿ ಹುಟ್ಟಿದವನು ಸ್ನೋ, ದಕ್ಷಿಣದ ಡಾರ್ನ್ ಸೀಮೆಯವನು ಸ್ಯಾಂಡ್, ನದೀಸೀಮೆಯವನು ರಿವರ್ಸ್. ಹಿಮ, ಮರಳು, ನದಿ: ಯಾರ ಸ್ವತ್ತೂ ಅಲ್ಲದ ವಸ್ತುಗಳ ಹೆಸರನ್ನು ಯಾರಿಗೂ ಸೇರದ ಮಕ್ಕಳಿಗೆ ಇಟ್ಟಿರುವುದರಲ್ಲಿ ಎಷ್ಟು ಕ್ರೌರ್ಯವಿದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಮಗುವಿನ ತಾಯಿ ಯಾರೆಂಬ ಪ್ರಶ್ನೆಗೆ ಕೃತಿಯಲ್ಲಿ ಒಂದಲ್ಲ, ಹಲವು ಉತ್ತರಗಳಿವೆ. ವಿಲ್ಲಾ ಎಂಬ ಸೇವಕಿಯೆಂದು ಒಬ್ಬರು, ಆಶಾರಾ ಡೇನ್ ಎಂಬ ಕುಲೀನ ಕನ್ಯೆಯೆಂದು ಮತ್ತೊಬ್ಬರು, ಬೆಸ್ತನ ಮಗಳೆಂದು ಮಗುದೊಬ್ಬರು ಹೇಳುತ್ತಾರೆ. ಹಳೆಯ ಹಸ್ತಪ್ರತಿಗಳ ಪಾಠಾಂತರಗಳೊಡನೆ ಗುದ್ದಾಡಿದವರಿಗೆ ಈ ಸ್ಥಿತಿ ಪರಿಚಿತವಾದದ್ದೇ. ಸಾಕ್ಷಿಗಳು ಪರಸ್ಪರ ವಿರುದ್ಧವಾದಾಗ ಯಾರ ಮಾತು ದೊಡ್ಡದಾಗಿ ಕೇಳಿಸುತ್ತದೆ ಎಂಬುದು ಮುಖ್ಯವಲ್ಲ. ಯಾರಿಗೆ ತಿಳಿದಿರಲು ಸಾಧ್ಯ, ಯಾರು ಮೌನವಾಗಿದ್ದಾರೆ ಎಂಬುದು ಮುಖ್ಯ. ಓದುಗರು ಮಾಡಿದ್ದೂ ಅದನ್ನೇ. ಅವರು ಎಡ್ಡಾರ್ಡನ ಮೌನವನ್ನು ಓದಿದರು.

ಆ ಮೌನದಲ್ಲಿ ಕಂಡ ಕುರುಹುಗಳು ಹೀಗಿವೆ. ಸಾಯುವ ಹೊತ್ತಿಗೆ ಲಿಯಾನಾ ಅಣ್ಣನಿಂದ ಏನೋ ಒಂದು ಮಾತು ಪಡೆದಳು; ಆ ಮಾತೇನೆಂದು ಲೇಖಕ ಹೇಳುವುದಿಲ್ಲ. ಅವಳು ಮಲಗಿದ್ದ ಕೋಣೆಯಲ್ಲಿ ರಕ್ತದ ವಾಸನೆಯೂ ಗುಲಾಬಿಯ ವಾಸನೆಯೂ ಇತ್ತೆಂದು ಅಣ್ಣನಿಗೆ ನೆನಪು. ಹಿಂದೆ ಹ್ಯಾರನ್‌ಹಾಲ್‌ನ ಕ್ರೀಡಾಸ್ಪರ್ಧೆಯಲ್ಲಿ ಗೆದ್ದ ರೇಗಾರನು ತನ್ನ ಹೆಂಡತಿಯನ್ನು ದಾಟಿಹೋಗಿ ಲಿಯಾನಾಳ ಮಡಿಲಲ್ಲಿ ನೀಲಿ ಗುಲಾಬಿಯ ಮಾಲೆಯನ್ನಿಟ್ಟಿದ್ದನು. ಎಲ್ಲಕ್ಕಿಂತ ಬಲವಾದ ಕುರುಹು ಮೂವರು ಯೋಧರದ್ದು. ಅರಸನ ಅಂಗರಕ್ಷಕ ಪಡೆಯ ಅತಿಶ್ರೇಷ್ಠರಾದ ಆ ಮೂವರು, ದೊರೆ ಸತ್ತ ಮೇಲೂ ರಾಜಕುಮಾರ ಸತ್ತ ಮೇಲೂ ದೂರದ ಗೋಪುರವೊಂದನ್ನು ಬಿಟ್ಟು ಕದಲದೆ ಎಡ್ಡಾರ್ಡನ ಏಳು ಮಂದಿಯೊಡನೆ ಕಾದಿ ಮಡಿದರು. ಅರಸನನ್ನು ಕಾಯುವ ವ್ರತ ತೊಟ್ಟವರು ಅಲ್ಲಿ ಕಾಯುತ್ತಿದ್ದುದು ಯಾರನ್ನು? ಒಳಗೆ ಅರಸನಾಗಬೇಕಾದವನೊಬ್ಬನು ಇದ್ದಿರಬೇಕು ಎಂಬುದೇ ಓದುಗರ ತರ್ಕ. ಎರಡನೆಯ ಸಂಪುಟದಲ್ಲಿ ಡೆನೇರಿಸ್ ಎಂಬಾಕೆಗೆ ಹಿಮದ ಗೋಡೆಯ ಬಿರುಕಿನಲ್ಲಿ ಅರಳಿದ ನೀಲಿ ಹೂವಿನ ದರ್ಶನವಾಗುತ್ತದೆ. ಜಾನ್ ಆಗ ಹಿಮದ ಗೋಡೆಯ ಕಾವಲುಪಡೆಯಲ್ಲಿದ್ದನು. ಮೊದಲ ಸಂಪುಟ ಬಂದ ಮರುವರ್ಷವೇ, ಎಂದರೆ 1997ರಲ್ಲೇ, ಜಾನ್ ರೇಗಾರ್ ಮತ್ತು ಲಿಯಾನಾರ ಮಗನೆಂದು ಊಹಿಸಿದ ಓದುಗರಿದ್ದರು.

ಇಂಥ ಓದು ಕೃತಿಗೆ ಹೊರಗಿನಿಂದ ಅಂಟಿಸಿದ್ದಲ್ಲ ಎಂಬುದನ್ನು ಗಮನಿಸಬೇಕು. ಅದನ್ನು ಕಲಿಸಿದ್ದು ಕೃತಿಯೇ. ಮೊದಲ ಸಂಪುಟದಲ್ಲಿ ಎಡ್ಡಾರ್ಡನ ಕೈಗೆ ದೊಡ್ಡ ಮನೆತನಗಳ ವಂಶಾವಳಿಯ ಒಂದು ಒಣ ಗ್ರಂಥ ಬರುತ್ತದೆ. ಅವನಿಗಿಂತ ಮುಂಚೆ ಅದನ್ನು ಓದುತ್ತಿದ್ದ ಮಂತ್ರಿ ಹಠಾತ್ತನೆ ಸತ್ತಿದ್ದಾನೆ. ಪುಟ ತಿರುವುತ್ತ ಹೋದ ಎಡ್ಡಾರ್ಡನಿಗೆ ಒಂದು ಸಂಗತಿ ಹೊಳೆಯುತ್ತದೆ: ಬರಾಥಿಯನ್ ಮನೆಯವರು ಲ್ಯಾನಿಸ್ಟರ್ ಮನೆಯವರೊಡನೆ ಕೂಡಿದಾಗಲೆಲ್ಲ ಹುಟ್ಟಿದ ಮಕ್ಕಳದ್ದು ಕಪ್ಪು ಕೂದಲು, ಆದರೆ ಈಗಿನ ರಾಣಿಯ ಮೂವರು ಮಕ್ಕಳದ್ದೂ ಹೊಂಬಣ್ಣ. ಹಾಗಾದರೆ ಅವರು ಅರಸನ ಮಕ್ಕಳಲ್ಲ. ಈ ಅರಿವಿಗೆ ಅವನು ತೆತ್ತ ಬೆಲೆ ತನ್ನ ತಲೆ. ವಂಶಾವಳಿಯನ್ನು ಎಚ್ಚರದಿಂದ ಓದುವುದು ಎಷ್ಟು ಅಪಾಯದ ಕೆಲಸವೆಂದು ಕಥಾನಾಯಕನ ಮೂಲಕವೇ ತೋರಿಸಿದ ಲೇಖಕನು, ಓದುಗನೂ ಹಾಗೆಯೇ ಓದಲಿ ಎಂದು ಬಯಸದೆ ಇರಲಾರ. ಎಡ್ಡಾರ್ಡನು ಪರರ ಮನೆಯ ಗುಟ್ಟನ್ನು ಗ್ರಂಥದಿಂದ ಹೊರತೆಗೆದನು. ಓದುಗರು ಎಡ್ಡಾರ್ಡನ ಮನೆಯ ಗುಟ್ಟನ್ನು ಅವನ ಕಥೆಯಿಂದಲೇ ಹೊರತೆಗೆದರು.

ಇದರ ಹಿಂದೆ ನಿಜವಾದ ಚರಿತ್ರೆಯ ನೆರಳೂ ಇದೆ. ಹದಿನೈದನೆಯ ಶತಮಾನದ ಇಂಗ್ಲೆಂಡಿನಲ್ಲಿ ಯಾರ್ಕ್ ಮತ್ತು ಲ್ಯಾಂಕಾಸ್ಟರ್ ಮನೆತನಗಳ ನಡುವೆ ನಡೆದ ಗುಲಾಬಿಗಳ ಯುದ್ಧದಿಂದ ತಾನು ಪ್ರೇರಣೆ ಪಡೆದುದಾಗಿ ಮಾರ್ಟಿನ್ ಹೇಳಿದ್ದಾನೆ. ಅಲ್ಲಿ 1483ರಲ್ಲಿ ಮೂರನೆಯ ರಿಚರ್ಡ್ ತನ್ನ ಅಣ್ಣನ ಮಕ್ಕಳು ಔರಸರಲ್ಲವೆಂದು ಸಾರಿ ಸಿಂಹಾಸನವೇರಿದನು. ಗೋಪುರದಲ್ಲಿದ್ದ ಆ ಇಬ್ಬರು ಬಾಲಕರು ಕಣ್ಮರೆಯಾದರು. ಮುಂದೆ ಪರ್ಕಿನ್ ವಾರ್ಬೆಕ್ ಎಂಬವನು ತಾನೇ ಅವರಲ್ಲಿ ಕಿರಿಯವನೆಂದು ಹೇಳಿಕೊಂಡು ಬಂದು, 1499ರಲ್ಲಿ ಗಲ್ಲಿಗೇರಿದನು. ಮಾರ್ಟಿನ್‌ನ ಐದನೆಯ ಸಂಪುಟದಲ್ಲಿಯೂ ಹಾಗೆಯೇ ಒಬ್ಬ ತರುಣ ಬರುತ್ತಾನೆ; ಶೈಶವದಲ್ಲಿ ಕೊಲೆಯಾದನೆನ್ನಲಾದ ರೇಗಾರನ ಮಗ ಏಗಾನ್ ತಾನೇ ಎನ್ನುತ್ತಾನೆ. ಇವನು ನಿಜವಾಗಿ ಬ್ಲ್ಯಾಕ್‌ಫೈರ್ ಎಂಬ ಬಂಡಾಯದ ಕವಲಿಗೆ ಸೇರಿದವನೆಂಬುದು ಹಲವು ಓದುಗರ ಊಹೆ. ನಾಲ್ಕನೆಯ ಸಂಪುಟದಲ್ಲಿ ಸಂನ್ಯಾಸಿಯೊಬ್ಬನು ಒಂದು ಹಳೆಯ ಛತ್ರದ ಕಥೆ ಹೇಳುತ್ತಾನೆ. ಅದರ ಮುಂದೆ ತೂಗುತ್ತಿದ್ದ ಕಪ್ಪು ಕಬ್ಬಿಣದ ಡ್ರ್ಯಾಗನ್ ಫಲಕವನ್ನು ಕಡಿದು ನದಿಗೆ ಎಸೆದರು. ಎಷ್ಟೋ ಕಾಲದ ಮೇಲೆ ಅದರ ಒಂದು ತಲೆ ತುಕ್ಕು ಹಿಡಿದು ಕೆಂಪಾಗಿ ದಡ ಸೇರಿತು. ಕಪ್ಪು ಡ್ರ್ಯಾಗನ್ ಬ್ಲ್ಯಾಕ್‌ಫೈರರ ಲಾಂಛನ, ಕೆಂಪು ಡ್ರ್ಯಾಗನ್ ಟಾರ್ಗೇರಿಯನರದ್ದು. ಕಪ್ಪು ಡ್ರ್ಯಾಗನ್ ನೀರಿನಿಂದ ಕೆಂಪಾಗಿ ಮೇಲೆದ್ದು ಬಂದಿತೆಂಬ ಒಂದು ಛತ್ರದ ಕಥೆಯಿಂದ ರಾಜಕುಮಾರನ ಕುಲವನ್ನು ಊಹಿಸುವುದು ಅತಿಬುದ್ಧಿವಂತಿಕೆಯೆನ್ನಬಹುದು. ಆದರೆ ಇದು ಗ್ರಂಥದಲ್ಲಿರುವ ಮಾತಿನಿಂದಲೇ ಹುಟ್ಟಿದ ಊಹೆ. ಗಾಳಿಯಿಂದ ಹಿಡಿದು ತಂದದ್ದಲ್ಲ.

ಹಾಗೆಂದು ಎಲ್ಲ ಊಹೆಗಳೂ ಸಮಾನವಲ್ಲ. ಆಧಾರವಿದ್ದರೂ ಅರ್ಥವನ್ನು ಕೊಲ್ಲುವ ಊಹೆಗಳುಂಟು. ಕುಳ್ಳನಾದ ಟಿರಿಯನ್ ಲ್ಯಾನಿಸ್ಟರ್ ತನ್ನ ತಂದೆ ಟೈವಿನ್ನನಿಗೆ ಹುಟ್ಟಿದವನೇ ಅಲ್ಲ, ಹುಚ್ಚು ದೊರೆಯ ಮಗ ಎಂದು ಕೆಲವರು ವಾದಿಸುತ್ತಾರೆ. ಕೆಲವು ಕುರುಹುಗಳನ್ನೂ ತೋರಿಸುತ್ತಾರೆ. ಆದರೆ ಟಿರಿಯನ್ನನ ದುರಂತವೇನು? ತಂದೆ ಯಾವ ಮಗನನ್ನು ಕಂಡರೆ ಅಸಹ್ಯಪಡುತ್ತಾನೋ ಆ ಮಗನೇ ಬುದ್ಧಿಯಲ್ಲಿ, ಛಲದಲ್ಲಿ ಅವನ ಪಡಿಯಚ್ಚು. ಅವರ ಸೋದರತ್ತೆಯೇ ಸುಂದರಾಂಗನಾದ ಹಿರಿಯ ಮಗ ಜೇಮಿಗೆ ಈ ಸತ್ಯವನ್ನು ಹೇಳುತ್ತಾಳೆ. ರಕ್ತಸಂಬಂಧವನ್ನು ತೆಗೆದುಬಿಟ್ಟರೆ ತಂದೆಯ ದ್ವೇಷಕ್ಕೆ ಒಂದು ಸಬೂಬು ಸಿಕ್ಕಿತು. ಕಥೆಯ ಕಹಿ ಹೋಯಿತು, ಅದರೊಡನೆ ಸತ್ಯವೂ ಹೋಯಿತು. ಆದುದರಿಂದ ಊಹೆಗೆ ಎರಡು ಒರೆಗಲ್ಲು ಬೇಕು: ಅದು ಪಾಠಕ್ಕೆ ವಿರೋಧವಾಗಬಾರದು, ಒಪ್ಪಿದ ಮೇಲೆ ಕೃತಿಯ ಅರ್ಥ ಹೆಚ್ಚಬೇಕು, ಕುಗ್ಗಬಾರದು. ಗುಣವಂತರೆಲ್ಲರೂ ಗುಪ್ತವಾಗಿ ರಾಜರಕ್ತದವರೇ ಆಗಿರಬೇಕೆಂಬ ಹಂಬಲ ಎರಡನೆಯ ಒರೆಗಲ್ಲಿನಲ್ಲಿ ನಿಲ್ಲುವುದಿಲ್ಲ.

ಕನ್ನಡ ಓದುಗನಿಗೆ ಇಲ್ಲಿ ಕರ್ಣನ ನೆನಪಾಗುವುದು ಸಹಜ. ಆದರೆ ಭೇದವಿದೆ. ಕರ್ಣನ ಜನ್ಮರಹಸ್ಯವನ್ನು ವ್ಯಾಸನಾಗಲಿ ಪಂಪನಾಗಲಿ ಕುಮಾರವ್ಯಾಸನಾಗಲಿ ನಮ್ಮಿಂದ ಬಚ್ಚಿಡಲಿಲ್ಲ. ಕರ್ಣನಿಗೆ ತಿಳಿಯದ್ದು ನಮಗೆ ತಿಳಿದಿರುವುದರಿಂದಲೇ, ಸಭೆಯಲ್ಲಿ ಅವನನ್ನು ಸೂತಪುತ್ರನೆಂದು ಹಳಿದಾಗ ನಮ್ಮ ಎದೆ ನೋಯುತ್ತದೆ. ಮಾರ್ಟಿನ್ ಓದುಗನನ್ನೂ ಕತ್ತಲಲ್ಲಿಟ್ಟಿದ್ದಾನೆ. ನೋವನ್ನು ಓದುಗನೇ ಹುಡುಕಿ ಪಡೆಯಬೇಕು. ಒಂದು ಕಡೆ ಕವಿ ಕೊಟ್ಟ ಕರುಣೆ, ಇನ್ನೊಂದು ಕಡೆ ಓದುಗ ಗಳಿಸಿದ ಕರುಣೆ. ಎರಡು ಕಡೆಯೂ ಮರ್ಮ ಒಂದೇ: ಹುಟ್ಟು ತಿಳಿದಾಗ ಕರ್ಣನು ದೊಡ್ಡವನಾಗಲಿಲ್ಲ, ತಿಳಿದ ಮೇಲೂ ಅವನು ತನ್ನ ಋಣವನ್ನು ಬಿಡಲಿಲ್ಲ, ಅದರಿಂದ ದೊಡ್ಡವನಾದನು.

ಈ ಬೆಳಕಿನಲ್ಲಿ ನೋಡಿದರೆ ಜಾನ್ ಸ್ನೋನ ತಾಯಿಯ ಶೋಧದಿಂದ ದೊರೆತ ನಿಧಿ ಒಂದು ಕಿರೀಟವಲ್ಲವೆಂದು ತಿಳಿಯುತ್ತದೆ. ಆ ಊಹೆ ನಿಜವಾದರೆ ಬದಲಾಗುವವನು ಜಾನ್ ಅಲ್ಲ, ಎಡ್ಡಾರ್ಡ್. ಟಾರ್ಗೇರಿಯನ್ ಕುಲವನ್ನು ನಿರ್ಮೂಲ ಮಾಡಬಯಸಿದ ತನ್ನ ಪ್ರಾಣಮಿತ್ರ ರಾಬರ್ಟನಿಂದ ಒಂದು ಕೂಸನ್ನು ಕಾಪಾಡಲು, ಸುಳ್ಳನ್ನೇ ಆಡದವನು ಜೀವಮಾನವೆಲ್ಲ ಒಂದು ಸುಳ್ಳನ್ನು ಹೊತ್ತನು. ನಿಷ್ಕಳಂಕನು ತಾನೇ ಕಳಂಕವನ್ನು ಹಚ್ಚಿಕೊಂಡನು. ಸತ್ಯಕ್ಕಿಂತ ಕೊಟ್ಟ ಮಾತು ದೊಡ್ಡದೆ ಎಂಬ ಧರ್ಮಸೂಕ್ಷ್ಮ ಇಲ್ಲಿದೆ. ಆದರೆ ಈ ತ್ಯಾಗದ ಬೆಲೆಯನ್ನು ಅವನೊಬ್ಬನೇ ತೆರಲಿಲ್ಲ. ಮಗುವಿನ ತಾಯಿಯ ವಿಷಯವಾಗಿ ಒಮ್ಮೆ ಕೇಳಿದ ಹೆಂಡತಿ ಕೇಟ್ಲಿನ್‌ಳಿಗೆ, ಇನ್ನೆಂದೂ ಕೇಳಬೇಡವೆಂದು ಹೇಳಿ ಅವಳನ್ನು ಹೆದರಿಸಿದನು. ಅವಳು ಅಂದಿನಿಂದ ಗಂಡನ ದ್ರೋಹವನ್ನು ಕಣ್ಣೆದುರಿಗೇ ಬೆಳೆಯುವ ಹುಡುಗನ ರೂಪದಲ್ಲಿ ನೋಡುತ್ತ ಬದುಕಿದಳು. ಆ ಹುಡುಗನು ಅವಳ ತಣ್ಣನೆಯ ದೃಷ್ಟಿಯಲ್ಲಿ ಬೆಳೆದನು. ನಡೆಯದ ದ್ರೋಹಕ್ಕಾಗಿ ಇಬ್ಬರು ನಿರಪರಾಧಿಗಳು ನೊಂದರು. ಊಹೆಯನ್ನು ಒಪ್ಪಿದ ಮೇಲೆ ಮೊದಲ ಸಂಪುಟವನ್ನು ಮತ್ತೆ ಓದಿದವನಿಗೆ ಪ್ರತಿ ಪುಟದಲ್ಲೂ ಈ ನೋವು ಕಾಣುತ್ತದೆ. ಒಳ್ಳೆಯ ಊಹೆಯ ಫಲ ಇದು.

ಈ ಕಾದಂಬರಿಗಳನ್ನು ಆಧರಿಸಿದ ದೂರದರ್ಶನ ಧಾರಾವಾಹಿ 2011ರಿಂದ 2019ರವರೆಗೆ ಪ್ರಸಾರವಾಯಿತು. ಅದನ್ನು ನಿರ್ಮಿಸಲು ಬಂದ ಇಬ್ಬರನ್ನು ಮಾರ್ಟಿನ್ ಕೇಳಿದ ಪ್ರಶ್ನೆಯೂ ಜಾನ್ ಸ್ನೋನ ತಾಯಿ ಯಾರೆಂಬುದೇ. ಸರಿಯಾದ ಉತ್ತರ ಕೊಟ್ಟು ಅವರು ಅವನ ವಿಶ್ವಾಸ ಗಳಿಸಿದರಂತೆ. 2016ರ ಜೂನ್‌ನಲ್ಲಿ ಪ್ರಸಾರವಾದ ಕಂತಿನಲ್ಲಿ ಓದುಗರ ಊಹೆ ನಿಜವೆಂದು ತೋರಿತು. ಮರುವರ್ಷ, ಅವನು ಔರಸನೆಂದೂ ಸಿಂಹಾಸನಕ್ಕೆ ಹಕ್ಕುದಾರನೆಂದೂ ತಿಳಿಯಿತು. ಆಮೇಲೇನಾಯಿತು? ಆ ಹಕ್ಕು ಅವನಿಗೆ ಹೊರೆಯಾಯಿತು; ಪ್ರೀತಿಸಿದವಳಲ್ಲಿ ಶಂಕೆಯನ್ನು ಬಿತ್ತಿತು. ಕೊನೆಗೆ ಅರಸನನ್ನು ಹುಟ್ಟಿನಿಂದಲ್ಲ, ಒಡೆಯರ ಸಭೆಯ ಆಯ್ಕೆಯಿಂದ ಮಾಡಿದರು. ಜಾನ್ ಹಿಮದ ಗೋಡೆಗೆ ಮರಳಿದನು. ಪ್ರೇಕ್ಷಕರಲ್ಲಿ ಅನೇಕರು ಮುನಿದರು. ಇಷ್ಟು ವರ್ಷ ಹುಡುಕಿದ ವಂಶಸತ್ಯ ಯಾವ ಪ್ರಯೋಜನಕ್ಕೆ ಬಂತೆಂದು ಕೇಳಿದರು. ಆ ಕೊನೆಯ ಕಂತುಗಳ ಆತುರ ಆಕ್ಷೇಪಾರ್ಹವೇ ಸರಿ. ಆದರೂ, ವಂಶಸತ್ಯಕ್ಕೆ ರಾಜ್ಯವೇ ಬಹುಮಾನವಾಗಬೇಕೆಂಬ ನಿರೀಕ್ಷೆ ಕೃತಿಯದ್ದಲ್ಲ, ನಮ್ಮದು.

ಓದುಗರು ಗುಟ್ಟನ್ನು ಊಹಿಸಿದರೆಂಬ ಕಾರಣಕ್ಕೆ ಕಥೆಯನ್ನು ಬದಲಿಸುವುದಿಲ್ಲವೆಂದು ಮಾರ್ಟಿನ್ ಹೇಳಿದ್ದಾನೆ. ಇದು ಲೇಖಕಧರ್ಮ. ಕುರುಹುಗಳನ್ನು ಬಿತ್ತಿದವನು ಬೆಳೆಯನ್ನು ಕಂಡು ಕೋಪಿಸಿಕೊಳ್ಳಬಾರದು. ಅದಕ್ಕಿಂತ ಸೊಗಸಾದ ಸಂಗತಿ ಇನ್ನೊಂದುಂಟು: ಅಭಿಮಾನಿ ಓದುಗರಾಗಿ ಈ ನಾಡಿನ ವಂಶಾವಳಿಗಳನ್ನು ಶ್ರದ್ಧೆಯಿಂದ ಕಲೆಹಾಕಿದ ಎಲಿಯೊ ಗಾರ್ಸಿಯಾ ಮತ್ತು ಲಿಂಡಾ ಆಂಟನ್‌ಸನ್ ಎಂಬಿಬ್ಬರು, 2014ರಲ್ಲಿ ಪ್ರಕಟವಾದ 'ದಿ ವರ್ಲ್ಡ್ ಆಫ್ ಐಸ್ ಅಂಡ್ ಫೈರ್' ಎಂಬ ಕಲ್ಪಿತ ಚರಿತ್ರೆಗೆ ಮಾರ್ಟಿನ್‌ನ ಸಹಲೇಖಕರಾದರು. ಪಂಕ್ತಿಯ ಕೊನೆಯಲ್ಲಿ ಕುಳಿತು ಕೇಳುತ್ತಿದ್ದವರು ವೇದಿಕೆಗೆ ಬಂದರು.

ಮುಗಿಯದ ಕೃತಿಯೊಂದು ಓದುಗನ ತಾಳ್ಮೆಯನ್ನು ಪರೀಕ್ಷಿಸುತ್ತದೆ. ಕೆಲವರು ಕಾದು ಬೇಸತ್ತು ಲೇಖಕನನ್ನು ಬೈಯುತ್ತಾರೆ; ಕೆಲವರು ಮತ್ತೊಮ್ಮೆ ಮೊದಲ ಪುಟವನ್ನು ತೆರೆಯುತ್ತಾರೆ. ಎರಡನೆಯವರಿಗೆ ಕೊನೆಯ ಸಂಪುಟ ದೊರೆಯಲಿ, ದೊರೆಯದಿರಲಿ, ಓದಿದ್ದು ವ್ಯರ್ಥವಾಗುವುದಿಲ್ಲ. ಒಂದು ಹುಡುಗನ ಕುಲವನ್ನು ಹುಡುಕಹೊರಟವರು, ಅವನನ್ನು ಯಾರು ಹೆತ್ತರೆಂಬುದಕ್ಕಿಂತ ಯಾರು ಸಾಕಿದರು, ಯಾವ ಬೆಲೆ ತೆತ್ತು ಸಾಕಿದರು ಎಂಬುದು ಹೆಚ್ಚಿನದೆಂದು ಕಂಡುಕೊಂಡರೆ, ಆ ಹುಡುಕಾಟ ಸಾರ್ಥಕ.