ಚೌಕಿಗೆ ನಮ್ಮ ಕೈಯ ಕಾಣಿಕೆ

(ಸಂಘದ ಸದಸ್ಯರ ಸಭೆಯಲ್ಲಿ ಕಾರ್ಯಕಾರಿ ಸಮಿತಿಯ ಪರವಾಗಿ ಮಾಡಿದ ಭಾಷಣ)



ಈ ವರ್ಷವೂ ಆಗಸ್ಟ್ 15ರ ರಾತ್ರಿ ಮುಂಬಯಿಯಲ್ಲಿ ನಮ್ಮ ಸಂಘದ ಯಕ್ಷಗಾನ ನಡೆಯಲಿದೆ. ಲೋಕಕ್ಕೆಲ್ಲ ರಜೆಯ ದಿನ ಹೋಟೆಲಿನವರಿಗೆ ದುಡಿಮೆ ಇಮ್ಮಡಿ. ಆದಕಾರಣವೇ ಹೋಟೆಲು ಮುಚ್ಚಿದ ಮೇಲೆ ನಮ್ಮ ಚೆಂಡೆಯ ಸದ್ದು.

ಊರಿನಲ್ಲಿ ಹೆಚ್ಚಿನ ಮೇಳಗಳ ತಿರುಗಾಟ ದೀಪಾವಳಿಯ ಆಚೀಚೆ ಹೊರಟು ಮೇ ತಿಂಗಳ ಪತ್ತನಾಜೆಗೆ ಮುಗಿಯುತ್ತದೆ. ಮಳೆಗಾಲದಲ್ಲಿ ಬಯಲಾಟ ಕಡಿಮೆ. ಮನೆಯ ಒಲೆ ಉರಿಯಬೇಕೆಂದು ಅನೇಕ ಕಲಾವಿದರು ಆಗ ಮುಂಬಯಿಗೆ ಬರುತ್ತಾರೆ. ಹೊಟ್ಟೆಪಾಡಿಗೆ ಊರು ಬಿಟ್ಟವರಾದ ನಮಗೆ ಅವರು ಅತಿಥಿಗಳಷ್ಟೇ ಅಲ್ಲ, ಒಡಹುಟ್ಟಿದವರು.

ಹೋದ ವರ್ಷ ನಾವು ಮಾಡಿದ ತಪ್ಪನ್ನು ಮೊದಲು ಒಪ್ಪಿಕೊಳ್ಳುತ್ತೇವೆ. ಮುಖ್ಯ ವೇಷಧಾರಿಗೂ ಭಾಗವತರಿಗೂ ಶಾಲು, ಹಾರ, ಹಣ್ಣಿನ ಬುಟ್ಟಿ ಅರ್ಪಿಸಿ ಫೋಟೋ ತೆಗೆಸಿಕೊಂಡೆವು. ಬೆಳಗಿನ ಜಾವ ಚೌಕಿಗೆ ಹೋಗಿ ನೋಡಿದರೆ, ಕೋಡಂಗಿ ಕುಣಿದ ಹುಡುಗ ಹಳೆಯ ಪೇಪರಿನಿಂದ ಮುಖದ ಬಣ್ಣ ಒರೆಸುತ್ತಿದ್ದ. ಅವನಿಗೆ ನಾವು ಏನನ್ನೂ ಕೊಟ್ಟಿರಲಿಲ್ಲ. ವೇಷದ ಪೆಟ್ಟಿಗೆ ಹೊತ್ತವರನ್ನು ಯಾರೂ ಕರೆದಿರಲಿಲ್ಲ. ಗಲ್ಲದ ಮೇಲೆ ಕುಳಿತವರಿಗೆ ಮರ್ಯಾದೆ, ತಟ್ಟೆ ತೊಳೆದವನನ್ನು ಕೇಳುವವರಿಲ್ಲ ಎಂದು ನಿತ್ಯ ಗೊಣಗುವ ನಾವೇ ಹಾಗೆ ಮಾಡಿದೆವು!

ಆದ್ದರಿಂದ ಈ ಸಲ ಶಾಲು ಬೇಡ. ಚೌಕಿಯಲ್ಲಿರುವ ಪ್ರತಿಯೊಬ್ಬರಿಗೂ ನಾವೇ ಹೊಲಿದ ಒಂದೊಂದು ಬಟ್ಟೆಯ ಚೀಲ. ಅದರೊಳಗೆ ಬಣ್ಣ ಒರೆಸಲು ಎರಡು ಮೆದು ಬಟ್ಟೆ, ಒಂದು ಸೀಸೆ ತೆಂಗಿನೆಣ್ಣೆ, ಒಂದು ಕೈಗನ್ನಡಿ. ಆಟ ಮುಗಿದ ಮೇಲೆ ಅವರಿಗೆ ಮೊದಲು ಬೇಕಾಗುವುದು ಇವೇ.

ಕೋರಾ ಬಟ್ಟೆಯನ್ನು ತಂದಹಾಗೆಯೇ ಕತ್ತರಿಸಬೇಡಿ. 1982ರ ಮುಷ್ಕರದವರೆಗೆ ಗಿರಣಿಯ ನೇಯ್ಗೆ ಖಾತೆಯಲ್ಲಿ ದುಡಿದ ನಮ್ಮ ಹಿರಿಯರೊಬ್ಬರು ಕಾರಣ ಹೇಳಿದ್ದಾರೆ. ಮಗ್ಗದ ಮೇಲೆ ಹಾಸಿನ ನೂಲು ತುಂಡಾಗದಿರಲೆಂದು ಅದಕ್ಕೆ ಗಂಜಿ ಹಾಕಿರುತ್ತಾರೆ. ಆ ಗಂಜಿ ಹೋಗುವವರೆಗೆ ಬಟ್ಟೆ ನೀರನ್ನು ಚೆನ್ನಾಗಿ ಹೀರದು. ಮೊದಲ ಒಗೆತಕ್ಕೆ ಕುಗ್ಗುವುದೂ ಉಂಟು. ರಾತ್ರಿ ನೆನೆಹಾಕಿ, ಬಿಸಿನೀರು ಸಾಬೂನಿನಲ್ಲಿ ಎರಡು ಸಲ ಒಗೆದು, ಒಣಗಿಸಿ, ಆಮೇಲೆ ಕತ್ತರಿ ಹಿಡಿಯಿರಿ.

30 ಸೆಂಟಿಮೀಟರ್ ಅಗಲ, 80 ಸೆಂಟಿಮೀಟರ್ ಉದ್ದದ ತುಂಡನ್ನು ನಡುವೆ ಮಡಚಿ ಎರಡು ಪಕ್ಕಗಳನ್ನೂ ಹೊಲಿಯಿರಿ. ಬಾಯಿಯಿಂದ 8 ಸೆಂಟಿಮೀಟರ್ ಕೆಳಗೆ ಹೊಲಿಗೆ ನಿಲ್ಲಿಸಿ. ಬಾಯಿಯನ್ನು 4 ಸೆಂಟಿಮೀಟರ್ ಹೊರಕ್ಕೆ ಮಡಚಿ ಹೊಲಿದರೆ ಲಾಡಿ ಪೋಣಿಸಲು ದಾರಿಯಾಗುತ್ತದೆ. ಮನೆಯಲ್ಲಿ ಹೊಲಿಗೆ ಯಂತ್ರವಿರುವ ತಾಯಂದಿರು ಹೊಲಿಯುವರು. ಮಧ್ಯಾಹ್ನದ ಬಿಡುವಿನಲ್ಲಿ ಹೋಟೆಲಿನ ಹುಡುಗರು ಒಬ್ಬೊಬ್ಬ ಕಲಾವಿದರ ಹೆಸರನ್ನೂ ಕೆಂಪು ನೂಲಿನಲ್ಲಿ ಕನ್ನಡದಲ್ಲಿ ಹಾಕುವರು. ಅಕ್ಷರ ಸೊಟ್ಟಗಾದರೂ ಚಿಂತೆಯಿಲ್ಲ, ಹೆಸರು ತಪ್ಪಬಾರದು. ಅದಕ್ಕಾಗಿ ಮೇಳದ ಯಜಮಾನರಿಂದ ಪೂರ್ತಿ ಪಟ್ಟಿ ತರಿಸುತ್ತೇವೆ: ಹಿಮ್ಮೇಳ, ಮುಮ್ಮೇಳ, ವೇಷ ಕಟ್ಟುವವರು, ಪೆಟ್ಟಿಗೆಯವರು, ಅಡುಗೆಯವರು, ಎಲ್ಲರದೂ.

ಇನ್ನೊಂದು ಮಾತು. ಇದೇ ಮುಖ್ಯವಾದದ್ದು. ಬೋನಸ್ ಕೇಳಿದಾಗ ಮಿಠಾಯಿ ಪೆಟ್ಟಿಗೆ ಕೈಗಿತ್ತು ಬೆನ್ನು ತಟ್ಟುವ ಧಣಿಗಳನ್ನು ನಾವು ಕಂಡಿದ್ದೇವೆ. ಆ ಮಿಠಾಯಿ ನಮಗೆ ಸಿಹಿಯಾಗಲಿಲ್ಲ. ಚೀಲ ಹೊಲಿದೆವೆಂದು ಸಂಭಾವನೆಯಲ್ಲಿ ಒಂದು ಕಾಸು ಮುರಿದರೂ ನಾವೂ ಅಂಥ ಧಣಿಗಳೇ ಆಗುತ್ತೇವೆ. ಒಪ್ಪಿದ ಹಣವನ್ನೂ ಊರಿಗೆ ಮರಳುವ ರೈಲಿನ ಖರ್ಚನ್ನೂ ಚೆಂಡೆಗೆ ಪೆಟ್ಟು ಬೀಳುವ ಮೊದಲೇ ಎಣಿಸಿ ಕೊಡತಕ್ಕದ್ದು. ಶಾಲು ಹಾರಗಳಿಂದ ಉಳಿದ ಹಣವೂ ಅದಕ್ಕೇ ಸೇರಲಿ. ದುಡಿಮೆಗೆ ಹಣ ಸಲ್ಲಬೇಕು. ಚೀಲ ನಮ್ಮ ಪ್ರೀತಿಗೆ.

ಚೀಲಗಳನ್ನು ವೇದಿಕೆಯ ಮೇಲೆ ಕೊಡುವುದಿಲ್ಲ. ಮಂಗಳ ಹಾಡಿದ ಮೇಲೆ ಚೌಕಿಗೆ ಹೋಗಿ, ಬಿಸಿ ಚಹಾದ ಜೊತೆಗೆ, ಹೆಸರು ಹಿಡಿದು ಕರೆದು ಕೈಗೆ ಕೊಡೋಣ. ಮೊದಲ ಚೀಲ ಕೋಡಂಗಿ ಕುಣಿದವನಿಗೆ.

ಹೊಲಿಯಬಲ್ಲವರು ಇಂದೇ ಹೆಸರು ಕೊಡಿರಿ.