ಕಡಲಿಗೆ ಮೊದಲ ದೋಣಿ

ನೀರಿನ ಮೇಲೆ ತಾನೊಬ್ಬನೇ ಹುಟ್ಟು ಹಾಕಿಕೊಂಡು ಹೋಗುವ ಆಸೆ ಮನುಷ್ಯನಿಗೆ ಹೊಸದಲ್ಲ. ನಮ್ಮ ಹೊಳೆಗಳಲ್ಲಿ ಹರಿಗೋಲು ಉಂಟು, ಕರಾವಳಿಯಲ್ಲಿ ಮೀನುಗಾರರ ದೋಣಿ ಉಂಟು. ಇವು ಹೆಚ್ಚಾಗಿ ಹೊಟ್ಟೆಪಾಡಿನ ಸಾಧನಗಳು. ನಾನು ಈಗ ಹೇಳಹೊರಟಿರುವುದು ವ್ಯಾಯಾಮಕ್ಕಾಗಿ, ಮನಸ್ಸಂತೋಷಕ್ಕಾಗಿ ನಡೆಸುವ ಒಂದು ಬಗೆಯ ದೋಣಿಯ ವಿಷಯ. ಇಂಗ್ಲಿಷಿನವರು ಇದನ್ನು ‘ಶೆಲ್’ ಎನ್ನುತ್ತಾರೆ; ಚಿಪ್ಪು ಎಂದರ್ಥ. ಹಗುರವಾದದ್ದು, ತೆಳುವಾದದ್ದು ಎಂಬುದು ಹೆಸರಿನಲ್ಲಿಯೇ ಇದೆ. ಅಮೆರಿಕದ ಈಶಾನ್ಯ ಕರಾವಳಿಯಲ್ಲಿ ಇದರ ಬಳಕೆ ಉಂಟು. ಆ ಕಡೆ ಹೋಗಿ ನೆಲಸಿರುವ ಕನ್ನಡಿಗರೂ ಇದ್ದಾರೆ. ಅವರಲ್ಲಿ ಯಾರಿಗಾದರೂ ಇಂಥದೊಂದನ್ನು ಕೊಳ್ಳುವ ಮನಸ್ಸಾದರೆ, ಮೊದಲ ದೋಣಿ ಎಂಥದಾಗಿರಬೇಕು?

ಪಂದ್ಯಗಳಲ್ಲಿ ಒಬ್ಬನೇ ನಡೆಸುವ ಶೆಲ್ಲನ್ನು ಚಿತ್ರಗಳಲ್ಲಿ ನೀವು ಕಂಡಿರಬಹುದು. ಅದರ ಉದ್ದ ಸುಮಾರು 8 ಮೀಟರು. ನೀರಿನ ಮಟ್ಟದಲ್ಲಿ ಅಗಲ 30 ಸೆಂಟಿಮೀಟರಿಗಿಂತ ಕಡಿಮೆ. ಅಂತರರಾಷ್ಟ್ರೀಯ ನಿಯಮದಂತೆ ತೂಕ 14 ಕಿಲೋಗ್ರಾಮಿಗೆ ಇಳಿಯಬಹುದು. ಸೂಜಿಯಂಥ ಈ ದೋಣಿ ನಿಶ್ಚಲವಾದ ನೀರಿಗೆ ಸರಿ. ಅಲೆಯೇಳುವ ಕಡಲಿಗೆ ಸಲ್ಲದು. ಈ ಕೊರತೆಯನ್ನು ನೀಗಲು ಮೇನ್ ಸಂಸ್ಥಾನದ ನೌಕಾಶಿಲ್ಪಿ ಆರ್ಥರ್ ಮಾರ್ಟಿನ್ ಎಂಬವರು 1971ರಲ್ಲಿ ‘ಆಲ್ಡನ್ ಓಷನ್ ಶೆಲ್’ ಎಂಬ ದೋಣಿಯನ್ನು ಹೊರತಂದರು. ಉದ್ದ 16 ಅಡಿ, ಅಗಲ 2 ಅಡಿಗೆ ತುಸು ಹೆಚ್ಚು, ಮೈ ಫೈಬರ್‌ಗ್ಲಾಸಿನದು. ಗಾಲಿಗಳ ಮೇಲೆ ಹಿಂದುಮುಂದು ಸರಿಯುವ ಪೀಠವೂ ಹುಟ್ಟುಗಳನ್ನು ಹೊರುವ ಲೋಹದ ತೋಳುಗಳೂ ಒಂದೇ ಚೌಕಟ್ಟಿನಲ್ಲಿದ್ದು, ಅದನ್ನು ಬೇಕಾದಾಗ ಎತ್ತಿ ತೆಗೆಯಬಹುದಾಗಿತ್ತು. ಪಂದ್ಯದ ದೋಣಿಯ ಸುಖವನ್ನು ಸಾಮಾನ್ಯನಿಗೆ ಕಡಲಿನಲ್ಲಿ ದೊರಕಿಸಿಕೊಟ್ಟ ಕೆಲಸ ಅದು. ಅನಂತರ ಇಂಥವು ಹಲವು ಬಂದಿವೆ. ಕಡಲ ಪಂದ್ಯಗಳ ಒಂಟಿ ದೋಣಿಗೂ ಈಗ ನಿಯಮಗಳುಂಟು: ಉದ್ದ 6 ಮೀಟರು ಮೀರಬಾರದು, ಅಗಲ 75 ಸೆಂಟಿಮೀಟರಿಗೆ, ತೂಕ 35 ಕಿಲೋಗ್ರಾಮಿಗೆ ಕಡಿಮೆಯಾಗಬಾರದು.

ಕೊಳ್ಳಹೊರಟವನ ಕಣ್ಣು ಮೊದಲು ವೇಗದ ಮೇಲೆ ಬೀಳುತ್ತದೆ. ಇಲ್ಲಿ ಸ್ವಲ್ಪ ಲೆಕ್ಕ ಮಾಡಿ ನೋಡುವುದು ಒಳ್ಳೆಯದು. ನೀರಿನಲ್ಲಿ ವೇಗ ಇಮ್ಮಡಿಯಾಗಬೇಕಾದರೆ ಸುಮಾರು ಎಂಟುಮಡಿ ಶಕ್ತಿ ಬೇಕು. ಅಗಲವಾದ ದೋಣಿಗೆ ನೀರಿನ ತಡೆ ಮೂರನೆಯ ಒಂದು ಪಾಲು ಹೆಚ್ಚೆಂದೇ ಇಟ್ಟುಕೊಳ್ಳಿ. ಅಷ್ಟೇ ಶ್ರಮಕ್ಕೆ, ಗಂಟೆಗೆ 10 ಕಿಲೋಮೀಟರು ಹೋಗುತ್ತಿದ್ದವನು 9 ಹೋಗುತ್ತಾನೆ, ನಷ್ಟ ಇಷ್ಟೆ. ಇತ್ತ ಲಾಭವನ್ನು ನೋಡಿ. ಉದ್ದವೂ ಭಾರವೂ ಹಾಗೆಯೇ ಇದ್ದು, ನೀರಿನ ಮಟ್ಟದಲ್ಲಿ ಅಗಲ ಕಾಲುಪಾಲು ಹೆಚ್ಚಿದರೆ, ದೋಣಿ ಹೊರಳದಂತೆ ಅಗಲವು ಕೊಡುವ ಬಲ ಹತ್ತಿರ ಹತ್ತಿರ ಇಮ್ಮಡಿಯಾಗುತ್ತದೆ. ಮೇಲಂಚಿನ ಅಗಲ ಬೇರೆ, ನೀರು ಮುಟ್ಟುವ ಕಡೆಯ ಅಗಲ ಬೇರೆ ಎಂಬುದನ್ನು ಮರೆಯಬಾರದು. ಮಾರುವವನನ್ನು ಕೇಳತಕ್ಕದ್ದು ಎರಡನೆಯದನ್ನು.

ಉದ್ದನೆಯ ದೋಣಿ ವೇಗವಾದುದು ಎಂಬ ಮಾತು ದಿಟ. ಆದರೆ ಆ ಗುಣ ಪ್ರಕಟವಾಗುವುದು ಬಲವಾಗಿ ಎಳೆಯುವವನ ಕೈಯಲ್ಲಿ. ನಿಧಾನವಾಗಿ ಹೋಗುವವನಿಗೆ ಉದ್ದ ಹೆಚ್ಚಿದಷ್ಟೂ ನೀರು ಉಜ್ಜುವ ಮೈ ಹೆಚ್ಚುತ್ತದೆ, ಗಾಳಿಯಲ್ಲಿ ತಿರುಗಿಸುವ ಕಷ್ಟವೂ ಹೆಚ್ಚುತ್ತದೆ. ತನ್ನ ಮೈತೂಕಕ್ಕೆ ತಕ್ಕ ದೋಣಿಯೋ ಎಂದು ವಿಚಾರಿಸಬೇಕು. ಒಬ್ಬನೇ ಎತ್ತಿ ಕಾರಿನ ಮೇಲಿಡಬಲ್ಲೆನೇ ಎಂದೂ ಎತ್ತಿಯೇ ನೋಡಬೇಕು. ಎತ್ತಲಾರದ ದೋಣಿ ಕೊಟ್ಟಿಗೆಯ ಸೊತ್ತಾಗುತ್ತದೆ.

ಇಷ್ಟಾದರೂ ಮುಖ್ಯ ಪ್ರಶ್ನೆ ಉಳಿದೇ ಇದೆ: ದೋಣಿ ಹೊರಳಿದರೆ ಗತಿಯೇನು? ಎರಡೂ ಹುಟ್ಟುಗಳ ಹಿಡಿಗಳು ಕೈಯಲ್ಲಿದ್ದು, ಅಲಗುಗಳು ನೀರಿನ ಮೇಲೆ ಚಪ್ಪಟೆಯಾಗಿ ಮಲಗಿರುವಷ್ಟು ಹೊತ್ತು ದೋಣಿ ಸುಲಭವಾಗಿ ಹೊರಳದು. ಹಗ್ಗದ ಮೇಲೆ ನಡೆಯುವವನಿಗೆ ಕೈಯ ಗಳು ಹೇಗೋ ಹಾಗೆ ಅವು. ಕೈಬಿಟ್ಟರೆ ಹೊರಳಿತೆಂದೇ ತಿಳಿಯಿರಿ. ಮೇನ್ ಕರಾವಳಿಯ ಕಡಲು ಮೇ ತಿಂಗಳಲ್ಲಿಯೂ 10 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುತ್ತದೆ. ಬಿಸಿಲು ಹಿತವಾಗಿದೆಯೆಂದು ಹೋದವನನ್ನು ಕೊಲ್ಲುವುದು ಈ ನೀರು. ಬಿದ್ದೊಡನೆ ಉಸಿರು ಹಿಡಿತಕ್ಕೆ ಸಿಗದು. ಆಮೇಲೆ ಕೆಲವೇ ನಿಮಿಷಗಳಲ್ಲಿ ಬೆರಳುಗಳು ಮಾತು ಕೇಳುವುದಿಲ್ಲ. ಈಜುಬಲ್ಲವನಿಗೂ ಇದರಿಂದ ವಿನಾಯಿತಿ ಇಲ್ಲ. ಆದುದರಿಂದ ತೇಲುಕವಚ ಮೈಮೇಲೆಯೇ ಇರಬೇಕು, ಉಡುಪು ಗಾಳಿಗಲ್ಲದೆ ನೀರಿಗೆ ತಕ್ಕುದಾಗಿರಬೇಕು. ದೋಣಿಯ ಮುಂದೆಯೂ ಹಿಂದೆಯೂ ನೀರು ನುಗ್ಗದ ಮುಚ್ಚಿದ ಅರೆಗಳಿರಬೇಕು. ಒಳಬಂದ ನೀರು ತಾನಾಗಿಯೇ ಹೊರಹರಿಯುವ ಕಂಡಿ ಇರಬೇಕು. ಹಳೆಯ ದೋಣಿಯಾದರೆ ಆ ಅರೆಗಳ ಬೆಸುಗೆ ಬಿಟ್ಟಿಲ್ಲವೆಂಬುದನ್ನು ಬಣ್ಣಕ್ಕಿಂತ ಮೊದಲು ಪರೀಕ್ಷಿಸಬೇಕು.

ಹಣ ಕೊಡುವ ಮುನ್ನ ಇನ್ನೊಂದು ಪರೀಕ್ಷೆ ಉಂಟು. ಬೇಸಗೆಯ ದಿನ, ಬೆಚ್ಚನೆಯ ಕೊಳದಲ್ಲಿ, ಕಾಲಿಗೆ ನೆಲ ಸಿಗದಷ್ಟು ಆಳದಲ್ಲಿ, ಬಲ್ಲವರೊಬ್ಬರನ್ನು ಪಕ್ಕದಲ್ಲಿಟ್ಟುಕೊಂಡು, ಬೇಕೆಂದೇ ದೋಣಿಯನ್ನು ಹೊರಳಿಸಬೇಕು. ಅದನ್ನು ಮತ್ತೆ ಮೇಲ್ಮೊಗ ಮಾಡಿ, ಎರಡು ಹುಟ್ಟುಗಳ ಹಿಡಿಗಳನ್ನೂ ಒಂದೇ ಕೈಯಲ್ಲಿ ಸೇರಿಸಿ ಹಿಡಿದು, ಕಾಲುಬಡಿದು ಹೊಟ್ಟೆಯ ಮೇಲೆ ಪೀಠಕ್ಕೆ ಅಡ್ಡಲಾಗಿ ಬಿದ್ದು, ತಿರುಗಿ ಕುಳಿತುಕೊಳ್ಳಬೇಕು. ದಣಿದ ಮೇಲೆ ಮೂರನೆಯ ಸಲವೂ ಏರಲು ಬಂದರೆ ಆ ದೋಣಿ ನಿಮ್ಮದು. ಬಾರದಿದ್ದರೆ, ಅದು ಎಷ್ಟೇ ಚೆಲುವಾಗಿರಲಿ, ಎಷ್ಟೇ ವೇಗವಾಗಿರಲಿ, ಬೇರೆ ದೋಣಿಯನ್ನು ನೋಡಿರಿ.