ಧರೆ ಕಡಿಯುವ ಮುನ್ನ


2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಕುಸಿದವು. 2024ರ ಜುಲೈ 16ರಂದು ಶಿರೂರಿನಲ್ಲಿ, ಹೆದ್ದಾರಿಗಾಗಿ ಕಡಿದ ಗುಡ್ಡ ಹೆದ್ದಾರಿಯ ಮೇಲೆಯೇ ಜರಿಯಿತು. ಮಳೆಯನ್ನು ತಡೆಯಲಾಗದು, ಎಲ್ಲಿ ಕಡಿಯಬಾರದೆಂದು ಮೊದಲೇ ಅರಿಯಬಹುದು.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ 2014ರಲ್ಲಿ ಆರಂಭಿಸಿದ ಕಾರ್ಯಕ್ರಮದ ಭೂಕುಸಿತ ಸಾಧ್ಯತಾ ನಕ್ಷೆಗಳು ಅದರ ‘ಭೂಕೋಶ’ ಜಾಲತಾಣದಲ್ಲಿವೆ. ಅವುಗಳ ಪ್ರಮಾಣ 1:50,000. ನಕ್ಷೆಯ ಒಂದು ಸೆಂಟಿಮೀಟರ್ ಎಂದರೆ ನೆಲದ 500 ಮೀಟರ್. ಮನೆಯ ಹಿಂದಿನ ಧರೆಯಾಗಲಿ, ಆಷಾಢದಲ್ಲಿ ಒಡೆಯುವ ಒರತೆಯಾಗಲಿ ಅದರಲ್ಲಿ ಕಾಣದು. ಅವನ್ನು ಬಲ್ಲವರು ನಮ್ಮ ಹಿರಿಯರು. ಅವರು ತೋರಿಸಿದ ತಾಣಗಳನ್ನು ವಿದ್ಯಾರ್ಥಿಗಳು ಮೊಬೈಲಿನ ಜಿಪಿಎಸ್‌ನಿಂದ ಗುರುತಿಸಿ ಊರಿನ ನಕ್ಷೆಯೊಂದನ್ನು ಸಿದ್ಧಪಡಿಸಲಿ. ರಸ್ತೆ, ಕಟ್ಟಡಗಳ ಯೋಜನೆ ಗ್ರಾಮಸಭೆಗೆ ಬಂದಾಗ, ಜೆಸಿಬಿ ಬರುವುದಕ್ಕೆ ಮೊದಲೇ, ಎರಡೂ ನಕ್ಷೆಗಳನ್ನು ಮುಂದಿಟ್ಟು ಉತ್ತರ ಕೇಳೋಣ.